ರಾತ್ರಿ ಬೇಲಿ ಹಾರುವ ಪುಟ್ಟಿ

ನಮ್ಮ ಮೊಲದ ಹೆಸರು ಪುಟ್ಟಿ. ಹಗಲೆಲ್ಲ ಸೋಫಾ ಕೆಳಗೆ ಕಾಲು ಚಾಚಿ ಬಿದ್ದಿರುತ್ತಾಳೆ. ಮೊಲಗಳು ಚುರುಕಾಗುವುದೇ ಮುಸ್ಸಂಜೆಗೆ ಮತ್ತು ನಸುಕಿಗೆ, ಹಾಗಾಗಿ ನಾವು ಹಾಸಿಗೆ ಹಾಸುವ ಹೊತ್ತಿಗೆ ಅವಳ ಓಡಾಟ ಜೋರಾಗುತ್ತದೆ. ಚಪ್ಪಲಿ, ಪುಸ್ತಕ, ಮಂಚದ ಕಾಲು, ಏನು ಕಡಿದರೂ ಹೋಗಲಿ ಅನ್ನಬಹುದು. ನನಗೆ ಭಯ ವೈರುಗಳದ್ದು. ಚಾರ್ಜರ್ ವೈರು ಅವಳಿಗೆ ಒಂದೇ ಕಚ್ಚು, ಅದರಲ್ಲಿ ಕರೆಂಟ್ ಇದ್ದರೆ ಜೀವವೇ ಹೋಗಬಹುದು ಅಲ್ವಾ? ಅದಕ್ಕೇ ರಾತ್ರಿ ಮಾತ್ರ ಹಾಲಿನ ಮೂಲೆಯಲ್ಲಿ 90 ಸೆಂಟಿಮೀಟರ್ ಎತ್ತರದ ಕಂಬಿ ಬೇಲಿ ನಿಲ್ಲಿಸಿ ಅವಳನ್ನು ಒಳಗೆ ಬಿಡುತ್ತೇವೆ.

ಒಂದು ರಾತ್ರಿ ಟಪ್ ಅಂತ ಸದ್ದಾಗಿ ಎಚ್ಚರವಾಯಿತು. ಮೊಲ ಹೆದರಿದರೆ, ಕೆಲವೊಮ್ಮೆ ಸಿಟ್ಟು ಬಂದರೂ, ಹಿಂಗಾಲನ್ನು ನೆಲಕ್ಕೆ ಹೀಗೇ ಬಡಿಯುತ್ತದೆ. ಎದ್ದು ನೋಡಿದರೆ ಪುಟ್ಟಿ ಟಿವಿ ಹಿಂದೆ, ವೈರುಗಳ ಪಕ್ಕದಲ್ಲೇ ಕೂತಿದ್ದಾಳೆ! ಬೇಲಿ ನಿಂತ ಹಾಗೇ ನಿಂತಿದೆ, ಚಿಲಕವೂ ಹಾಕಿದ ಹಾಗೇ ಇದೆ. ಮೊದಲು ಸ್ವಿಚ್ ಎಲ್ಲ ಆರಿಸಿದೆ. ಅವಳನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಮೊಲದ ಮೂಳೆ ಹಗುರ, ಹಿಂಗಾಲಿನ ಬಲ ಮಾತ್ರ ಜಾಸ್ತಿ, ಹೆದರಿ ಒದ್ದಾಡಿದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಸುಮ್ನೆ ನೆಲದ ಮೇಲೆ ಕೂತು ಕೊತ್ತಂಬರಿ ಸೊಪ್ಪು ತೋರಿಸಿದೆ, ಬಂದಳು.

ಮತ್ತೆ ಒಳಗೆ ಬಿಟ್ಟು, ದೀಪ ಆರಿಸಿ, ಅಲ್ಲೇ ಕಾದು ಕೂತೆ. ಸ್ವಲ್ಪ ಹೊತ್ತು ಕಿವಿ ನಿಮಿರಿಸಿ ಆಲಿಸಿದಳು. ಆಮೇಲೆ ತನ್ನ ರಟ್ಟಿನ ಗೂಡಿನ ಮೇಲೆ ಹತ್ತಿದಳು, ಅಲ್ಲಿಂದ ಒಂದೇ ನೆಗೆತಕ್ಕೆ ಬೇಲಿಯ ಆಚೆ! ಎಷ್ಟು ಜಾಣೆ ನೋಡಿ.

ಗೂಡನ್ನು ಬೇಲಿಯಿಂದ ದೂರಕ್ಕೆ, ನಡುವಿಗೆ ಸರಿಸಿದೆ. ಹಾರುವುದು ನಿಂತಿತು, ಕಂಬಿ ಕಚ್ಚಿ ಗಡಗಡ ಅನ್ನಿಸುವುದು ಶುರುವಾಯಿತು. ಚಿಕ್ಕ ಪಂಜರಕ್ಕೆ ಹಾಕಿ ಬೀಗ ಹಾಕು ಅಂತ ಗೊತ್ತಿದ್ದವರು ಹೇಳಿದರು. ನಾನು ಒಪ್ಪಲಿಲ್ಲ. ಮೊಲಕ್ಕೆ ಹಿಂಗಾಲ ಮೇಲೆ ಎದ್ದು ನಿಲ್ಲುವಷ್ಟು, ನಾಲ್ಕು ಹೆಜ್ಜೆ ನೆಗೆಯುವಷ್ಟು ಜಾಗ ಬೇಕೇ ಬೇಕು. ಪಂಜರದ ತಳ ಬರೀ ತಂತಿಯದಾದರಂತೂ ಇನ್ನೂ ಕಷ್ಟ, ನಾಯಿ ಬೆಕ್ಕಿಗಿರುವಂಥ ಮೆತ್ತನೆಯ ಅಂಗಾಲು ಅದಕ್ಕಿಲ್ಲ, ಹುಣ್ಣಾಗುತ್ತದೆ. ಅವಳು ರಾತ್ರಿ ಎಚ್ಚರವಿರುವುದು ತುಂಟತನಕ್ಕಲ್ಲ, ಹುಟ್ಟಿದ್ದೇ ಹಾಗೆ. ಬೀಗಕ್ಕಿಂತ ಅವಳಿಗೆ ಕೆಲಸ ಬೇಕಿತ್ತು.

ಹಾಗಾಗಿ ಸಂಜೆ ಆದಷ್ಟು ಹೊತ್ತು ಮನೆಯೆಲ್ಲ ಓಡಾಡಲು ಬಿಡುತ್ತೇನೆ, ನಾನು ಜೊತೆಗಿರುತ್ತೇನೆ. ಮಲಗುವ ಮುಂಚೆ ರಟ್ಟಿನ ಕೊಳವೆಗಳಿಗೆ ಒಣಹುಲ್ಲು ತುರುಕಿ ಒಳಗಿಡುತ್ತೇನೆ. ಅದನ್ನು ಎಳೆದು ಎಳೆದು ತಿನ್ನುವುದರಲ್ಲೇ ಅವಳ ರಾತ್ರಿ ಕಳೆಯುತ್ತದೆ. ಮೊಲದ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಸವೆಯುತ್ತದೆ, ಹೊಟ್ಟೆಗೂ ಅದೇ ಒಳ್ಳೆಯದು. ಕಂಬಿ ಅಲ್ಲಾಡಿಸಿದಾಗ ಎಲ್ಲ ಸರಿಯಿದೆಯಾ ಅಂತ ದೂರದಿಂದ ನೋಡುತ್ತೇನೆ, ಹತ್ತಿರ ಹೋಗುವುದಿಲ್ಲ. ಹೋದರೆ ಅಲ್ಲಾಡಿಸಿದರೆ ಜನ ಬರುತ್ತಾರೆ ಅಂತ ಕಲಿತುಬಿಡುತ್ತಾಳೆ. ವೈರುಗಳಿಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ ಹಾಕಿಸಿದ್ದೂ ಆಯಿತು.

ಈಗ ಅವಳ ಕಣ್ಣು ಬೇಲಿಯ ಮೂಲೆಯಲ್ಲಿರುವ ಕ್ಲಿಪ್ಪಿನ ಮೇಲೆ. ನಿನ್ನೆ ಅದನ್ನು ಹೊರಗಡೆಯಿಂದ ಹಾಕಿದೆ, ಅವಳ ಬಾಯಿಗೆ ಸಿಗದ ಹಾಗೆ.