ಹೆಸರಿಗೆ ಮ್ಯಾನೇಜರ್

2024ರ ಜೂನ್ ಕೊನೆಯ ವಾರ. ಡಲ್ಲಾಸ್ ಹತ್ತಿರದ ಒಂದು ಇಂಡಿಯನ್ ಗ್ರಾಸರಿ ಅಂಗಡಿಯ ಹಿಂದಿನ ಕೋಣೆ. ಒಂದು ಕಡೆ ಸೋನಾ ಮಸೂರಿ ಮೂಟೆಗಳು, ಇನ್ನೊಂದು ಕಡೆ ನನ್ನ ಕಂಪ್ಯೂಟರ್. ಸಾಮಾನಿನ ಬಿಲ್ಲು, ಸಂಬಳದ ಲೆಕ್ಕ ಎಲ್ಲ ನಾನೇ ಎಂಟ್ರಿ ಮಾಡುತ್ತಿದ್ದೆ. ಅಕೌಂಟೆಂಟ್ ಫೋನ್ ಮಾಡಿದರು. "ಓಟಿ ಕೊಡದ ಹಾಗೆ ಒಬ್ಬರನ್ನು ಎಕ್ಸೆಂಪ್ಟ್ ಮಾಡಲು ವಾರಕ್ಕೆ 684 ಡಾಲರ್ ಸಂಬಳ ಇದ್ದರೆ ಸಾಕಿತ್ತು. ಜುಲೈ 1ರಿಂದ 844 ಬೇಕು. ನಿಮ್ಮಲ್ಲಿ ಯಾರ್ಯಾರಿದ್ದಾರೆ ನೋಡಿ."

ಪೇರೋಲ್‌ನಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಕಾಲಂ ಇರುತ್ತದೆ. ನಾನ್‌ಎಕ್ಸೆಂಪ್ಟ್ ಆದರೆ ವಾರಕ್ಕೆ 40 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೂಲಿ. 1938ರಿಂದ ಇರುವ ಕಾನೂನು. ಎಕ್ಸೆಂಪ್ಟ್ ಆದರೆ ಎಷ್ಟು ದುಡಿದರೂ ಅಷ್ಟೇ ಸಂಬಳ. ಕನ್ನಡದಲ್ಲಿ ಇದಕ್ಕೆ ವಿನಾಯಿತಿ ಅನ್ನಬೇಕು. ಊರಲ್ಲಿ ವಿನಾಯಿತಿ ಅಂದರೆ ನಮಗೇನೋ ಉಳಿಯಿತು ಅಂತ ಖುಷಿ. ಇಲ್ಲಿ ಉಳಿಯುವುದು ಮಾಲೀಕರಿಗೆ!

ನಮ್ಮಲ್ಲಿ ಮೂವರು ಎಕ್ಸೆಂಪ್ಟ್. ಸ್ಟೋರ್ ಮ್ಯಾನೇಜರ್ ವಿಷಯದಲ್ಲಿ ತಕರಾರಿಲ್ಲ. ಜನರನ್ನು ತೆಗೆದುಕೊಳ್ಳುವುದು, ಬಿಡಿಸುವುದು, ಶಿಫ್ಟ್ ಹಾಕುವುದು ಎಲ್ಲ ಅವರದೇ. ಎರಡನೆಯವರು ತಿಂಡಿ ಕೌಂಟರಿನ 'ಕಿಚನ್ ಮ್ಯಾನೇಜರ್', ಕುಂದಾಪುರ ಕಡೆಯವರು. ವಾರಕ್ಕೆ 720 ಡಾಲರ್. ಕೈಕೆಳಗೆ ಒಬ್ಬಳೇ ಒಬ್ಬಳು ಪಾರ್ಟ್ ಟೈಮ್ ಹುಡುಗಿ. ಮೂರನೆಯವಳು ನಾನು, 'ಆಫೀಸ್ ಮ್ಯಾನೇಜರ್'.

ಅಕೌಂಟೆಂಟ್ ಕಳಿಸಿದ ಕಾಗದ ಓದಿದೆ. ಸಂಬಳದ ಮಿತಿ ಬರೀ ಮೊದಲ ಬಾಗಿಲು. ಮ್ಯಾನೇಜರ್ ಅಂತ ಎಕ್ಸೆಂಪ್ಟ್ ಮಾಡಬೇಕಾದರೆ ಮುಖ್ಯ ಕೆಲಸ ಉಸ್ತುವಾರಿಯೇ ಆಗಿರಬೇಕು, ಕೈಕೆಳಗೆ ಇಬ್ಬರು ಫುಲ್ ಟೈಮ್ ಕೆಲಸಗಾರರಷ್ಟಾದರೂ ಇರಬೇಕು. ಹುದ್ದೆಯ ಹೆಸರಿಗೆ ಕಿಮ್ಮತ್ತೇ ಇಲ್ಲ.

ಅಡುಗೆಮನೆಗೆ ಹೋದೆ. ಅಣ್ಣ ಸಮೋಸ ಕರಿಯುತ್ತಿದ್ದರು.

"ಅಣ್ಣ, ವಾರಕ್ಕೆ ಎಷ್ಟು ಗಂಟೆ ಆಗುತ್ತೆ?"

"ಯಾರು ಲೆಕ್ಕ ಇಟ್ಟಿದ್ದಾರೆ ಅಕ್ಕ? ಐವತ್ತೆಂಟು ಅಂದುಕೊಳ್ಳಿ."

ವಾಪಸ್ ಬಂದು ಕ್ಯಾಲ್ಕುಲೇಟರ್ ಒತ್ತಿದೆ. 720ನ್ನು 40 ಗಂಟೆಯ ಸಂಬಳ ಅಂತ ಹಿಡಿದರೆ ಗಂಟೆಗೆ 18. ಒಂದೂವರೆ ಪಟ್ಟು ಅಂದರೆ 27. ಹದಿನೆಂಟು ಗಂಟೆಗೆ 486 ಡಾಲರ್. ಪ್ರತಿ ವಾರ! ಎರಡನೇ ಸಲವೂ ಅಷ್ಟೇ ಬಂತು.

ಆಮೇಲೆ ನನ್ನ ಹೆಸರಿನ ಸಾಲು. ಆಫೀಸ್ ಕೆಲಸದವರಾದರೆ ದೊಡ್ಡ ವಿಷಯಗಳಲ್ಲಿ ಸ್ವಂತ ವಿವೇಚನೆ ಬಳಸುವವರಾಗಿರಬೇಕು ಅಂತಿತ್ತು ಆ ಕಾಗದದಲ್ಲಿ. ಸ್ವಂತ ವಿವೇಚನೆಯಿಂದ ನಾನು ಯಾವ ದೊಡ್ಡ ತೀರ್ಮಾನ ತೆಗೆದುಕೊಳ್ಳುತ್ತೇನೆ? ಹೊಸ ಬ್ರಾಂಡ್ ಉಪ್ಪಿನಕಾಯಿ ತರಿಸಲಿಕ್ಕೂ ಮಾಲೀಕರನ್ನೇ ಕೇಳಬೇಕು. ಶನಿವಾರ ಜನ ಜಾಸ್ತಿಯಾದರೆ ಕ್ಯಾಶ್ ಕೌಂಟರಿಗೂ ನಾನೇ. ನಿಜ ಹೇಳಬೇಕೆಂದರೆ, ಅಡುಗೆಯ ಅಣ್ಣನ ಸಾಲು ಬದಲಾಯಿಸುವಾಗ ಇಲ್ಲದ ಸಂಕಟ ಆಗ ಆಯಿತು. ಮ್ಯಾನೇಜರ್ ಆದೆ ಅಂತ ಊರಿಗೆಲ್ಲ ಹೇಳಿಕೊಂಡಿದ್ದೆನಲ್ಲ.

ಮಾಲೀಕರು ಮೊದಲು ಸಿಡುಕಿದರು. ಕೇಸ್ ಹಾಕಿದರೆ ಎರಡು ವರ್ಷದ ಬಾಕಿ, ಬೇಕಂತಲೇ ಮಾಡಿದ್ದಾದರೆ ಮೂರು ವರ್ಷದ್ದು ಅಂತ ಅಕೌಂಟೆಂಟ್ ಹೇಳಿದ ಮೇಲೆ ಸುಮ್ಮನಾದರು. ಇಬ್ಬರನ್ನೂ ನಾನ್‌ಎಕ್ಸೆಂಪ್ಟ್ ಮಾಡಿದೆವು. ಹಳೇ ಬಾಕಿಯ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನವೆಂಬರ್ 15ಕ್ಕೆ ಟೆಕ್ಸಸ್‌ನದೇ ಫೆಡರಲ್ ಕೋರ್ಟ್ ಆ ಹೊಸ ನಿಯಮವನ್ನು ರದ್ದು ಮಾಡಿತು. ಮಿತಿ ಮತ್ತೆ 684. ಮಾಲೀಕರು ನಗುತ್ತಾ ಬಂದರು. "ಮೊದಲಿನ ಹಾಗೇ ಮಾಡೋಣ ಅಲ್ವಾ?"

"ಮಿತಿ ಇಳಿಯಿತು ಸರ್. ಸಮೋಸ ಕರಿಯುವವರು ಅವರೇ ತಾನೇ?" ಅಂದೆ. ಅವರು ಏನೂ ಹೇಳದೆ ಎದ್ದು ಹೋದರು. ಕಾಲಂ ಹಾಗೇ ಉಳಿಯಿತು.

ಆ ಭಾನುವಾರ ಅಮ್ಮನಿಗೆ ಎಲ್ಲ ಹೇಳಿದೆ. ಅಪ್ಪ ಪೀಣ್ಯದ ಫ್ಯಾಕ್ಟರಿಯಲ್ಲಿದ್ದವರು. ಓಟಿ ಅಂದರೇನು ಅಂತ ಅಮ್ಮನಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ನಿನಗೂ ಡಬಲ್ ಕೊಡ್ತಾರಾ, ಅಪ್ಪನಿಗೆ ಕೊಡ್ತಿದ್ದ ಹಾಗೆ?"

"ಇಲ್ಲಮ್ಮ, ಒಂದೂವರೆ."

"ಒಂದೂವರೇನಾ? ಅಮೆರಿಕಾದಲ್ಲಾ?"