ಪೂರ್ವ ಆಫ್ರಿಕದ ಸೇವಾಯಾತ್ರೆಗೆ ಸಿದ್ಧತೆ

ಕೀನ್ಯಾ, ಉಗಾಂಡ, ರುವಾಂಡ ಮತ್ತು ತಾಂಜಾನಿಯ ದೇಶಗಳ ಕೆಲವು ಕ್ರೈಸ್ತ ಸಭೆಗಳ ಆಹ್ವಾನದ ಮೇರೆಗೆ ನಮ್ಮ ಸಭೆಯಿಂದ ಒಂದು ಸಣ್ಣ ತಂಡ ಹಲವು ತಿಂಗಳ ಸೇವೆಗಾಗಿ ಹೊರಡಲಿದೆ. ತಂಡದಲ್ಲಿ ನಮ್ಮ ಸಭಾಪಾಲಕರಾದ ಅಯ್ಯನವರು, ದಾದಿಯಾಗಿ ದುಡಿದ ಒಬ್ಬ ಸಹೋದರಿ, ಮತ್ತು ಆಸ್ಪತ್ರೆಯ ಪ್ರಯೋಗಾಲಯದಲ್ಲೇ ವೃತ್ತಿಜೀವನ ಕಳೆದ ನಾನು ಇದ್ದೇವೆ. ಸುದ್ದಿ ತಿಳಿದವರೆಲ್ಲ ಸಂತೋಷಪಟ್ಟು ಮೊದಲು ಕೇಳುವುದು, ಅಲ್ಲಿ ಹೋಗಿ ಏನು ಕಲಿಸುತ್ತೀರಿ ಎಂದು. ಸಿದ್ಧತೆಗೆ ಕೂತ ಮೇಲೆ ನನಗೆ ದೃಢವಾಗಿರುವುದೇನೆಂದರೆ, ನಾವು ಕಲಿಸುವುದಕ್ಕಿಂತ ಕಲಿಯಬೇಕಾದದ್ದೇ ಹೆಚ್ಚು, ಮತ್ತು ಆ ಕಲಿಕೆ ವಿಮಾನ ಹತ್ತುವ ಮೊದಲೇ ಶುರುವಾಗಬೇಕು.

ನನ್ನ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕರಾವಳಿಯ ಮಲೇರಿಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪಳಗಿದ ನಮ್ಮ ಕಣ್ಣಿಗೆ ವೈವ್ಯಾಕ್ಸ್ ಪರಾವಲಂಬಿಯ ಪರಿಚಯ ಹೆಚ್ಚು. ಅದು ಹೊಕ್ಕ ಕೆಂಪು ರಕ್ತಕಣ ಉಬ್ಬಿ ದೊಡ್ಡದಾಗಿ ಕಾಣುತ್ತದೆ. ಪೂರ್ವ ಆಫ್ರಿಕದಲ್ಲಿ ಬಹುಪಾಲು ಫಾಲ್ಸಿಪಾರಮ್ ಎಂಬ ಇನ್ನೊಂದು ಬಗೆ. ಅಲ್ಲಿ ರಕ್ತಕಣ ಉಬ್ಬುವುದಿಲ್ಲ, ಒಳಗೆ ಸಣ್ಣ ಉಂಗುರಗಳು ಕಾಣುತ್ತವೆ, ಒಂದೇ ಕಣದಲ್ಲಿ ಎರಡು ಮೂರು ಉಂಗುರಗಳಿರುವುದೂ ಉಂಟು, ಮತ್ತು ಮಗುವೊಂದರ ರಕ್ತದಲ್ಲಿ ಅವುಗಳ ಪ್ರಮಾಣ ಎಷ್ಟೆಂದು ಬೇಗ ಲೆಕ್ಕ ಹಾಕಿ ವೈದ್ಯರಿಗೆ ಹೇಳಬೇಕಾಗುತ್ತದೆ. ಈ ಲೆಕ್ಕದಲ್ಲಿ ಅಲ್ಲಿನ ತಂತ್ರಜ್ಞರು ನನಗಿಂತ ನುರಿತವರು. ಅವರು ನನ್ನಿಂದ ಕೇಳಿರುವುದು ರಕ್ತನಿಧಿಯ ದಾಖಲೆ ಮತ್ತು ಗುಣಮಟ್ಟದ ನಿಯಂತ್ರಣದ ವಿಷಯದಲ್ಲಿ ನೆರವು, ಅಷ್ಟೇ. ಕೇಳಿದ್ದನ್ನು ಚೆನ್ನಾಗಿ ಮಾಡಿಕೊಡಬೇಕು, ಕೇಳದ್ದನ್ನು ಹೇರಬಾರದು.

ಸಂಜೆಯ ಓದಿನಲ್ಲಿ ನನ್ನನ್ನು ಬಹಳ ತಟ್ಟಿದ್ದು ಆ ನಾಡಿನ ಸಭೆಯ ಚರಿತ್ರೆ ಮತ್ತು ನಮ್ಮದು ಒಂದೇ ಮನೆಯಿಂದ ಹೊರಟ ಬಗೆ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಎಂಬುದು ನಮ್ಮ ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದ್ದು 1843ರಲ್ಲಿ, ಅದರ ಮರುವರ್ಷ, 1844ರಲ್ಲಿ, ಅದೇ ಬಾಸೆಲ್ಲಿನ ಸೆಮಿನರಿಯಲ್ಲಿ ಓದಿದ್ದ ಯೋಹಾನ್ ಲುಡ್ವಿಗ್ ಕ್ರಾಫ್ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಸೇವಕನಾಗಿ ಇಂದಿನ ಕೀನ್ಯಾದ ಕರಾವಳಿಯ ಮೊಂಬಾಸಕ್ಕೆ ಬಂದಿಳಿದರು. ಕೆಲವೇ ತಿಂಗಳಲ್ಲಿ ಜ್ವರದಿಂದ ಅವರ ಪತ್ನಿಯೂ ಆಗತಾನೇ ಹುಟ್ಟಿದ ಮಗಳೂ ತೀರಿಕೊಂಡರು. ಕ್ರಾಫ್ ಅಲ್ಲೇ ನಿಂತು ಸ್ವಾಹಿಲಿ ಕಲಿತರು, ಹೊಸ ಒಡಂಬಡಿಕೆಯ ಅನುವಾದಕ್ಕೆ ಕೈಹಾಕಿದರು, ನಿಘಂಟು ಕಟ್ಟಿದರು. ಕಿಟೆಲರ ಹೆಸರು ಕೇಳಿ ಬೆಳೆದ ನಮಗೆ ಆ ದುಡಿಮೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ನಮ್ಮ ಸಭೆಗಳಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಗುಲಾಮರ ಹಡಗುಗಳಿಂದ ಬಿಡುಗಡೆಯಾದ ಆಫ್ರಿಕದ ಮಕ್ಕಳು ಮುಂಬಯಿಗೆ ಬಂದು, ನಾಸಿಕದ ಬಳಿಯ ಶರಣಪುರದಲ್ಲಿ ಮಿಷನ್ನಿನವರ ಆಶ್ರಯದಲ್ಲಿ ಓದು, ಕಸುಬು ಕಲಿತು, ಮತ್ತೆ ಕಡಲು ದಾಟಿ ಮೊಂಬಾಸದ ಕಡೆಗೆ ಹೋದರು. ಅಲ್ಲಿ 1875ರ ಹೊತ್ತಿಗೆ ನೆಲೆಗೊಂಡ ಫ್ರೀರ್ ಟೌನ್ ಎಂಬ ವಸತಿಯಲ್ಲಿ ಶಿಕ್ಷಕರೂ ಉಪದೇಶಕರೂ ಕುಶಲಕರ್ಮಿಗಳೂ ಆಗಿ ದುಡಿದವರಲ್ಲಿ ಈ ‘ಬಾಂಬೆ ಆಫ್ರಿಕನ್ನರು’ ಮುಖ್ಯರು. ಭಾರತದಿಂದ ಪೂರ್ವ ಆಫ್ರಿಕಕ್ಕೆ ಸುವಾರ್ತೆ ಹೊತ್ತವರಲ್ಲಿ ಹೀಗೆ ಆಫ್ರಿಕದ ಮಕ್ಕಳೇ ಮುಂದಿದ್ದರು ಎಂಬುದನ್ನು ತಿಳಿದ ಮೇಲೆ, ನಾವೇನೋ ಹೊಸದಾಗಿ ದಾರಿ ತೆರೆಯುತ್ತಿದ್ದೇವೆ ಎಂಬ ಭಾವನೆ ಸಹಜವಾಗಿಯೇ ಇಳಿದುಹೋಗುತ್ತದೆ.

ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ. ಕೀನ್ಯಾ, ಉಗಾಂಡ, ರುವಾಂಡ ಮೂರಕ್ಕೂ ಸೇರಿ 90 ದಿನಗಳ ಒಂದೇ ಪ್ರವಾಸಿ ವೀಸಾ ಇದೆ, ಶುಲ್ಕ 100 ಡಾಲರ್. ತಾಂಜಾನಿಯ ಅದರಲ್ಲಿ ಸೇರಿಲ್ಲ. ಅಗ್ಗವಾದ, ಸುಲಭವಾದ ದಾರಿ ಇದೇ ಎಂದು ಹಲವರು ಸಲಹೆ ಕೊಟ್ಟರು. ಆದರೆ ಅದು ಪ್ರವಾಸಿಗಳಿಗೆ ಕೊಡುವ ಪರವಾನಗಿ. ನಾವು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಅಯ್ಯನವರು ಪ್ರಸಂಗ ಮಾಡುವವರು. ವೀಸಾ ಅರ್ಜಿಯಲ್ಲಿ ಒಂದು ಬರೆದು ಅಲ್ಲಿ ಇನ್ನೊಂದು ಮಾಡುವುದು ಕ್ರಿಸ್ತನಿಗೆ ಸಾಕ್ಷಿಯಾಗುವ ಬದುಕಿಗೆ ಒಪ್ಪುವ ಮಾತಲ್ಲ, ಸಿಕ್ಕಿಬಿದ್ದರೆ ತೊಂದರೆಗೆ ಒಳಗಾಗುವುದೂ ನಮ್ಮನ್ನು ಕರೆಸಿಕೊಂಡ ಸಭೆಯೇ. ಆದ್ದರಿಂದ ಪ್ರತಿ ದೇಶದಲ್ಲೂ ಆತಿಥೇಯ ಸಭೆಯ ಮೂಲಕವೇ ಕೆಲಸಕ್ಕೆ ತಕ್ಕ ಅನುಮತಿ ಕೋರಿದ್ದೇವೆ. ರುವಾಂಡದಲ್ಲಂತೂ 2018ರ ಕಾನೂನು ಧಾರ್ಮಿಕ ಸಂಸ್ಥೆಗಳ ನೋಂದಣಿ, ಆರಾಧನೆಯ ಕಟ್ಟಡ, ಬೋಧಕರ ಶಿಕ್ಷಣ ಎಲ್ಲಕ್ಕೂ ಬಿಗಿಯಾದ ನಿಯಮ ಹಾಕಿದೆ. ಅಲ್ಲಿ ಅಯ್ಯನವರು ಎಲ್ಲಿ ಮಾತನಾಡಬಹುದು ಎಂಬುದನ್ನು ಅಲ್ಲಿನ ಬಿಷಪ್ಪರ ಕಚೇರಿಯೇ ತೀರ್ಮಾನಿಸಲಿ ಎಂದು ಬಿಟ್ಟಿದ್ದೇವೆ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುತ್ತದೆ, ಮತ್ತು ಹಾಕಿಸಿಕೊಂಡ 10 ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಪ್ರಮಾಣಪತ್ರವಾದ ಆ ಪುಟ್ಟ ಹಳದಿ ಪುಸ್ತಕದಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ, ಅಕ್ಷರಕ್ಕೆ ಅಕ್ಷರ ಇರಬೇಕು. ಅದು ಇಲ್ಲದೆ ಕೀನ್ಯಾ, ಉಗಾಂಡದಂಥ ದೇಶಗಳಿಂದ ಹಿಂದಿರುಗಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿಡಬಹುದು. ಅರವತ್ತು ದಾಟಿದವರು ವೈದ್ಯರೊಡನೆ ವಿವರವಾಗಿ ಚರ್ಚಿಸದೆ ಈ ಲಸಿಕೆಗೆ ಮುಂದಾಗಬಾರದು. ಮಲೇರಿಯ ತಡೆಗೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದಿದ್ದಾರೆ. ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಮರಳಿದ ಮೇಲೂ 4 ವಾರ ತಪ್ಪದೆ ನುಂಗಬೇಕು.

ಪೆಟ್ಟಿಗೆ ಕಟ್ಟುವಾಗ ಪ್ಲಾಸ್ಟಿಕ್ ಚೀಲಗಳನ್ನೆಲ್ಲ ತೆಗೆದಿಟ್ಟೆವು. ರುವಾಂಡ 2008ರಲ್ಲಿ, ಕೀನ್ಯಾ 2017ರಲ್ಲಿ, ತಾಂಜಾನಿಯ 2019ರಲ್ಲಿ ಅವನ್ನು ನಿಷೇಧಿಸಿವೆ. ಮಹಿಳಾ ಸಮಾಜದ ಸಹೋದರಿಯರು ಇಳಕಲ್ ಸೀರೆಯ ಹಳೆಯ ತುಂಡುಗಳಿಂದ ದಾರ ಎಳೆದು ಕಟ್ಟುವ ಚೀಲಗಳನ್ನು ಹೊಲಿದುಕೊಟ್ಟಿದ್ದಾರೆ. ಔಷಧಿಗೊಂದು, ಸ್ಲೈಡುಗಳಿಗೊಂದು, ಚಪ್ಪಲಿಗೊಂದು. ಇವನ್ನು ಅಲ್ಲಿಯೇ ಹಂಚಿ ಬರುವ ಆಸೆಯೂ ಇದೆ.

ಎಲ್ಲಕ್ಕಿಂತ ಕಷ್ಟದ ಸಿದ್ಧತೆ ರುವಾಂಡದ್ದು. 1994ರ ಏಪ್ರಿಲ್‌ನಲ್ಲಿ, ಬಹುಸಂಖ್ಯಾತ ಹುಟುಗಳಲ್ಲಿನ ಉಗ್ರರು ಟುಟ್ಸಿ ಜನಾಂಗದ ನರಮೇಧಕ್ಕಿಳಿದಾಗ, ನ್ಯಾಮಟ, ನ್ತರಾಮ ಮುಂತಾದ ಕಡೆ ಸಾವಿರಾರು ಟುಟ್ಸಿಗಳು ಆಶ್ರಯ ಬೇಡಿ ಚರ್ಚುಗಳ ಒಳಗೆ ಸೇರಿದ್ದರು, ಅಲ್ಲಿಯೇ ಅವರ ಹತ್ಯೆಯಾಯಿತು. ಕೊಂದವರಲ್ಲಿ ಎಷ್ಟೋ ಜನ ದೀಕ್ಷಾಸ್ನಾನ ಪಡೆದವರು. ಅಂತರರಾಷ್ಟ್ರೀಯ ನ್ಯಾಯಮಂಡಳಿ ಅಪರಾಧಿಗಳೆಂದು ತೀರ್ಪಿತ್ತವರಲ್ಲಿ ಪಾದ್ರಿಗಳೂ ಇದ್ದಾರೆ. ಇಂಥ ನೆಲದಲ್ಲಿ ನಿಂತು ಕ್ಷಮೆಯ ಬಗ್ಗೆ ಪ್ರಸಂಗ ಮಾಡಲು ಹೊರಗಿನವರಾದ ನಮಗೆ ಏನು ಅಧಿಕಾರವಿದೆ? ತಂಡದಲ್ಲಿ ಈ ಬಗ್ಗೆ ಬಹಳ ಹೊತ್ತು ಮಾತಾಡಿ, ಅತ್ತು, ಪ್ರಾರ್ಥಿಸಿ ಒಂದು ನಿಶ್ಚಯಕ್ಕೆ ಬಂದಿದ್ದೇವೆ. ಅಲ್ಲಿ ನಾವಾಗಿ ಆ ವಿಷಯ ಎತ್ತುವುದಿಲ್ಲ, ಯಾರನ್ನೂ ನೀವು ಹುಟುವೋ ಟುಟ್ಸಿಯೋ ಎಂದು ಕೇಳುವುದಿಲ್ಲ, ಸ್ಮಾರಕಗಳಲ್ಲಿ ಫೋಟೋ ತೆಗೆಯುವುದಿಲ್ಲ, ಅವರು ತಾವಾಗಿ ಹೇಳಿದರೆ ಉತ್ತರ ಕೊಡುವ ಆತುರವಿಲ್ಲದೆ ಕೇಳುತ್ತೇವೆ. ಜಾತಿಯ ಹೆಸರಿನಲ್ಲಿ ಬೇರೆ ಬೇರೆ ಬೆಂಚುಗಳಲ್ಲಿ ಕೂತ ಚರಿತ್ರೆ ನಮ್ಮ ನಾಡಿನ ಸಭೆಗಳಿಗೂ ಇದೆ, ಅದನ್ನು ಮರೆತು ಅಲ್ಲಿಗೆ ಹೋಗಲು ನನಗೆ ಮನಸ್ಸಿಲ್ಲ.

ನಮಗಾಗಿ ಪ್ರಾರ್ಥಿಸುವವರು ಈ ಮೂರನ್ನು ನೆನಪಿಡಿ: ತಾಂಜಾನಿಯದ ಅನುಮತಿಪತ್ರ ಇನ್ನೂ ಕೈಸೇರಿಲ್ಲ, ನಮ್ಮ ಸಹೋದರಿಯ ವಯಸ್ಸಾದ ತಾಯಿಯನ್ನು ಇಷ್ಟು ತಿಂಗಳು ನೋಡಿಕೊಳ್ಳುವ ಏರ್ಪಾಟು ಆಗಬೇಕು, ಸ್ವಾಹಿಲಿಯ ಪಾಠದಲ್ಲಿ ನಾವು ಕರ್ತನ ಪ್ರಾರ್ಥನೆಯನ್ನು ದಾಟಿ ರೋಗಿಗೆ ನೋವು ಎಲ್ಲಿದೆ ಎಂದು ಕೇಳುವಷ್ಟಾದರೂ ಮುಂದುವರಿಯಬೇಕು. ಕಾಣಿಕೆ ಕೊಡಬಯಸುವವರು ಸಭಾ ಸಮಿತಿಯ ಖಜಾಂಚಿಯವರಿಗೇ ಕೊಟ್ಟು ರಸೀದಿ ಪಡೆಯಿರಿ, ನಮ್ಮ ಕೈಗೆ ಕೊಡಬೇಡಿ.