ಅಕ್ಕನ ಮಗ ತಂದ ತೊಗಟೆ

ಪೋರ್ಚುಗಲ್‌ನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಮೊನ್ನೆ ರಜೆಗೆ ಕಲಬುರಗಿಗೆ ಬಂದಿದ್ದ. ಎಲ್ಲರಿಗೂ ಚಾಕಲೇಟು, ಸೆಂಟು ಕೊಟ್ಟ. ನನ್ನ ಕೈಗೆ ಮಾತ್ರ ಹಳೇ ಟವೆಲ್‌ನಲ್ಲಿ ಸುತ್ತಿದ್ದ ಒಂದು ತುಂಡು ಇಟ್ಟು, "ಚಿಗವ್ವ, ತೂಕ ನೋಡು" ಅಂದ. ಒಂದು ಮೊಳ ಉದ್ದ, ಒಂದು ಗೇಣು ಅಗಲ, ಎರಡು ಬೆರಳು ದಪ್ಪ. ಕಟ್ಟಿಗೆ ಅಂದುಕೊಂಡು ಬಿಗಿಯಾಗಿ ಹಿಡಿದಿದ್ದೆ, ಎತ್ತಿದ ಕೂಡಲೇ ಕೈ ಸುಮ್ನೆ ಮೇಲೆ ಹೋಯಿತು. ಅಷ್ಟು ಹಗುರ. ಹೊರಮೈ ಬೂದು ಬಣ್ಣ, ಬೇಸಿಗೆಯ ಎರೆ ಹೊಲದ ಹಾಗೆ ಸಣ್ಣ ಸಣ್ಣ ಬಿರುಕು. ಒಳಮೈ ನುಣುಪು, ಬೆಲ್ಲದ ಬಣ್ಣ. ಗಿಡದ ಬಾಗು ಇನ್ನೂ ಅದರಲ್ಲೇ ಇತ್ತು.

ಅದು ಕಾರ್ಕ್. ಕುದಿಸದ, ಕೊರೆಯದ, ಗಿಡದಿಂದ ಸುಲಿದ ಹಾಗೇ ಇದ್ದ ಕಾರ್ಕ್.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿಗೆ ಜೀವಕೋಶದ ಪಾಠ ಶುರುವಾಗುವುದೇ ಕಾರ್ಕ್‌ನಿಂದ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್‌ನ ತೆಳು ಪದರವೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ, ಜೇನುಗೂಡಿನ ಹಾಗೆ ಪುಟ್ಟ ಪುಟ್ಟ ಕೋಣೆ ಕಂಡವು, ಅದಕ್ಕೇ ಸೆಲ್ ಅಂತ ಹೆಸರಿಟ್ಟ. ಹತ್ತೊಂಬತ್ತು ವರ್ಷದಿಂದ ಇದನ್ನು ಹೇಳುತ್ತಾ ಬಂದಿದ್ದೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, "ಟೀಚರ್, ಕಾರ್ಕ್ ಅಂದ್ರ ಏನ್ರಿ?" ಬಾಟ್ಲಿ ಬುಚ್ ಅಂತ ಹೇಳಿದರೆ ಈಗಿನ ಮಕ್ಕಳಿಗೆ ಪ್ಲಾಸ್ಟಿಕ್ ಮುಚ್ಚಳ ನೆನಪಾಗುತ್ತದೆ. ನಾವು ಸಣ್ಣವರಿದ್ದಾಗ ಹೋಮಿಯೋಪತಿ ಗುಳಿಗೆಯ ಶೀಶೆಗೆ ಕಾರ್ಕ್ ಬುಚ್ ಇರುತ್ತಿತ್ತು, ಈಗ ಅದೂ ಇಲ್ಲ. ಹಾಗಾಗಿ ಗರಿ ಕಿತ್ತುಹೋದ ಶಟಲ್ ಕಾಕ್‌ನ ಬುಡ ತೋರಿಸಿ ಮುಂದೆ ಹೋಗುತ್ತಿದ್ದೆ. ಅದು ಒಂದು ಗಿಡದ ತೊಗಟೆ ಅಂತ ನನಗೂ ಗೊತ್ತಿತ್ತು, ಆದರೆ ಸುಲಿದ ಮೇಲೂ ಆ ಗಿಡ ಬದುಕುತ್ತದೆ ಅನ್ನೋದನ್ನ ನಾನು ಯಾವತ್ತೂ ನಿಂತು ಯೋಚನೆ ಮಾಡಿರಲಿಲ್ಲ.

ಯೋಚನೆ ಮಾಡಬೇಕಿತ್ತು. ಯಾಕೆಂದರೆ ತೊಗಟೆ ಸುಲಿದು ಸತ್ತ ಗಿಡ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ತವರು ಮನೆಯ ಹಿಂದೆ ಒಂದು ಬೇವಿನ ಗಿಡ ಇತ್ತು. (ನಮ್ಮ ಕಡೆ ಎಷ್ಟು ದೊಡ್ಡ ಮರಕ್ಕೂ ಗಿಡ ಅಂತಲೇ ಅನ್ನೋದು.) ಅದರ ನೆರಳಿಗೇ ಹೊರಸು ಹಾಕಿಕೊಂಡು ಅಜ್ಜಿ ಏಪ್ರಿಲ್, ಮೇ ಕಳೆಯುತ್ತಿದ್ದಳು. ಬೇವಿನ ತೊಗಟೆಯ ಕಷಾಯ ತುರಿಗೆ, ಜ್ವರಕ್ಕೆ ಒಳ್ಳೆಯದು ಅಂತ ಓಣಿಯವರು ಬಂದು ಒಂದೊಂದು ತುಂಡು ಕೆತ್ತಿಕೊಂಡು ಹೋಗುತ್ತಿದ್ದರು. ಅಜ್ಜಿ ಬೇಡ ಅನ್ನುತ್ತಿರಲಿಲ್ಲ. ಒಂದು ವರ್ಷ ಯಾರೋ ನಾವಿಲ್ಲದಾಗ ಬಂದು ಸುತ್ತಲೂ, ಒಂದು ಮೊಳ ಅಗಲಕ್ಕೆ, ಬಿಳಿ ಕಟ್ಟಿಗೆ ಕಾಣುವ ತನಕ ಸುಲಿದುಕೊಂಡು ಹೋದರು. ಗಿಡ ಕೂಡಲೇ ಒಣಗಲಿಲ್ಲ, ಅದೇ ನಮ್ಮನ್ನು ಮೋಸ ಮಾಡಿದ್ದು. ಮೇಲೆ ಎಲೆ ಹಸಿರಾಗೇ ಇದ್ದವು, ಗಾಯ ಮಾಯುತ್ತದೆ ಬಿಡು ಅಂದುಕೊಂಡೆವು. ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದೆವು. ಮುಂದಿನ ಬೇಸಿಗೆಗೆ ಒಂದೊಂದೇ ಟೊಂಗೆ ಬೋಳಾಯಿತು. ಅದರ ಮುಂದಿನ ವರ್ಷ ಕಡಿಸಿದೆವು.

ಯಾಕೆ ಹಾಗಾಯಿತು ಅಂತ ಆಮೇಲೆ ಓದುವಾಗ ತಿಳಿಯಿತು. ನೀರು ಮೇಲೆ ಹೋಗುವುದು ಕಟ್ಟಿಗೆಯೊಳಗಿನ ಕ್ಸೈಲಂನಲ್ಲಿ. ಎಲೆ ಅಡಿಗೆ ಮಾಡಿ ಬೇರಿಗೆ ಕಳಿಸುವ ಅನ್ನ ಇಳಿಯುವುದು ತೊಗಟೆಯ ಒಳಗಿನ ಫ್ಲೋಯಂನಲ್ಲಿ. ಸುತ್ತಲೂ ಸುಲಿದರೆ ನೀರು ಹತ್ತುತ್ತದೆ, ಅನ್ನ ಇಳಿಯುವುದಿಲ್ಲ. ಮೇಲೆ ಹಸಿರು, ಕೆಳಗೆ ಬೇರು ಉಪವಾಸ. ಇದು ಬೋರ್ಡ್ ಮೇಲೆ ಚಿತ್ರ ಬಿಡಿಸಿ ಹೇಳೋದು ಸುಲಭ. ಪ್ರತಿ ಸಲ ಬಿಡಿಸುವಾಗ ನನಗೆ ಅಜ್ಜಿಯ ಹೊರಸು ಕಾಣುತ್ತದೆ.

ಹಾಗಾದರೆ ಕಾರ್ಕ್ ಕೊಡುವ ಗಿಡ, ಕಾರ್ಕ್ ಓಕ್, ಹೇಗೆ ಬದುಕುತ್ತದೆ? ಅವತ್ತು ರಾತ್ರಿ ಊಟ ಆದ ಮೇಲೆ ಅಕ್ಕನ ಮಗನನ್ನು ಕೂಡಿಸಿಕೊಂಡು ಕೇಳಿದ್ದೇ ಕೇಳಿದ್ದು. ಅವನು ಗೆಳೆಯನೊಬ್ಬನ ಜೊತೆ ಅಲೆಂತೇಜು ಅನ್ನೋ ಸೀಮೆಗೆ ಹೋಗಿ ಒಂದು ದಿನ ಪೂರ್ತಿ ಸುಲಿಯುವವರ ಹಿಂದೆ ತಿರುಗಾಡಿ ಬಂದಿದ್ದಾನೆ, ವಿಡಿಯೋ ಮಾಡಿಕೊಂಡಿದ್ದಾನೆ. ಮಿಕ್ಕಿದ್ದನ್ನು ನಾನು ಓದಿ ತಿಳಿದುಕೊಂಡೆ.

ಕೆಲಸ ನಡೆಯುವುದು ಮೇ ಕೊನೆಯಿಂದ ಆಗಸ್ಟ್ ತನಕ, ಅಲ್ಲಿನ ಸುಡು ಬೇಸಿಗೆಯಲ್ಲಿ. ಆಗ ಗಿಡ ಹುರುಪಿನಿಂದ ಬೆಳೆಯುತ್ತಿರುತ್ತದೆ, ತೊಗಟೆಗೂ ಒಳಮೈಗೂ ನಡುವಿನ ಹೊಸ ಜೀವಕೋಶಗಳು ಎಳೆಯದಾಗಿ, ಮೆತ್ತಗೆ ಇರುತ್ತವೆ, ಎಳೆದರೆ ಬಿಟ್ಟುಕೊಳ್ಳುತ್ತವೆ. ಬೇರೆ ಕಾಲದಲ್ಲಿ ಅದು ಬಿಡುವುದೇ ಇಲ್ಲ. ಎಳೆದರೆ ಒಳಪದರವೂ ಕಿತ್ತು ಬರುತ್ತದೆ.

ವಿಡಿಯೋದಲ್ಲಿ ಒಂದು ಗಿಡಕ್ಕೆ ಇಬ್ಬರು. ಒಬ್ಬರು ಮೇಲೆ ಕವಲಲ್ಲಿ ನಿಂತಿದ್ದಾರೆ, ಇನ್ನೊಬ್ಬರು ಕೆಳಗೆ. ಕೈಯಲ್ಲಿ ಕೊಡಲಿ, ಅದರ ಕಾವಿನ ತುದಿ ಉಳಿಯ ಹಾಗೆ ಚಪ್ಪಟೆ. ಮೊದಲು ತೊಗಟೆಯ ಆಳವಾದ ಬಿರುಕು ನೋಡಿ ಅದರಗುಂಟ ಉದ್ದಕ್ಕೆ ಒಂದೇಟು ಹಾಕುತ್ತಾರೆ. ಟೊಳ್ಳು ಸದ್ದು ಬಂದರೆ ತೊಗಟೆ ಸಲೀಸಾಗಿ ಬರುತ್ತದೆ ಅಂತ ಅರ್ಥ. ಒಣ, ಮೊಟಕು ಸದ್ದು ಬಂದರೆ ಗಿಡ ಇನ್ನೂ ಬಿಡುತ್ತಿಲ್ಲ. ಆಮೇಲೆ ಕೊಡಲಿಯ ಬಾಯಿ ಬಿರುಕಿನಲ್ಲೇ ಇಟ್ಟು ಸ್ವಲ್ಪ ತಿರುಗಿಸುತ್ತಾರೆ, ಅಂಚು ಎದ್ದೇಳುತ್ತದೆ. ಮೇಲೆ, ಕೆಳಗೆ ಅಡ್ಡ ಏಟು. ಕಾವಿನ ತುದಿ ಒಳಗೆ ತೂರಿಸಿ ಮೀಟಿದರೆ ಆಳೆತ್ತರದ ಹಲಗೆ ಒಂದೇ ತುಂಡಾಗಿ ಕೈಗೆ ಬರುತ್ತದೆ. ಅದು ಬಿಟ್ಟುಕೊಳ್ಳುವಾಗಿನ ಸದ್ದು ನಾನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದೆ. ಹೊಸ ಅಂಗಿ ಹರಿದ ಹಾಗೆ ಚರ್ರ್ ಅನ್ನುತ್ತದೆ.

ಇಷ್ಟರಲ್ಲಿ ಕಷ್ಟದ ಭಾಗ ಯಾವುದು ಗೊತ್ತಾ? ಏಟು ಎಲ್ಲಿ ನಿಲ್ಲಬೇಕು ಅನ್ನೋದು. ಹೊರಗಿನ ಕಾರ್ಕ್ ಸತ್ತ ಪದರ, ಅದನ್ನು ತೆಗೆದರೆ ಗಿಡಕ್ಕೆ ಚಿಂತೆಯಿಲ್ಲ. ಅದರ ಕೆಳಗಿನದು ಜೀವ ಇರುವ ತೊಗಟೆ, ಫ್ಲೋಯಂ ಇರುವುದು ಅಲ್ಲೇ, ಮುಂದಿನ ಕಾರ್ಕ್ ಹುಟ್ಟುವುದೂ ಅಲ್ಲಿಂದಲೇ. ಸ್ಪೇನಿನವರು ಅದಕ್ಕೆ ತಾಯಿ ಪದರ ಅಂತಾರೆ. ಕೊಡಲಿ ಅಲ್ಲಿಗೆ ತಾಗಿದರೆ ಆ ಜಾಗದಲ್ಲಿ ಮತ್ತೆ ಒಳ್ಳೆ ಕಾರ್ಕ್ ಬೆಳೆಯುವುದಿಲ್ಲ, ಗಾಯದ ಗುರುತು ಗಿಡ ಇರುವ ತನಕ ಉಳಿಯುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇರುವ ಅಂತರ ಕಣ್ಣಿಗೆ ಕಾಣುವುದಿಲ್ಲ. ಕೈಗೆ ಮಾತ್ರ ಗೊತ್ತಾಗಬೇಕು. ಅದಕ್ಕೇ ಇವತ್ತಿಗೂ ಇದು ಕೈ ಕೆಲಸವಾಗೇ ಉಳಿದಿದೆ, ಹೊಲಗೆಲಸದಲ್ಲಿ ಚಲೋ ಕೂಲಿ ಸಿಗುವ ಕೆಲಸವೂ ಹೌದು. ನಮ್ಮ ಬೇವಿನ ಗಿಡಕ್ಕೆ ಏಟು ಹಾಕಿದ ಕೈಗೆ ಆ ಅಂತರ ಗೊತ್ತಿರಲಿಲ್ಲ. ಬೇವಿಗೆ ಸುಲಿದು ತೆಗೆಯುವಂಥ ದಪ್ಪ ಕಾರ್ಕ್ ಪದರವೂ ಇರಲಿಲ್ಲ ಅನ್ನಿ.

ಸುಲಿದ ಗಿಡ ನೋಡಿದರೆ ಮೊದಲು ಎದೆ ಝಲ್ ಅನ್ನುತ್ತದೆ. ಕಾಂಡ ಪೂರ್ತಿ ಬತ್ತಲೆ, ಕೆಮ್ಮಣ್ಣು ಬಳಿದ ಹಾಗೆ ಕೆಂಪು. ದಿನ ಕಳೆದ ಹಾಗೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಳಗೆ ಹೊಸ ಪದರ ಕಟ್ಟಿಕೊಳ್ಳುತ್ತದೆ. ಸುಲಿದ ಮೇಲೆ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆಯುತ್ತಾರೆ. 2024ರಲ್ಲಿ ಸುಲಿದಿದ್ದರೆ 4. ಮುಂದಿನವರು ಅದನ್ನು ನೋಡಿ ಲೆಕ್ಕ ಹಾಕಬೇಕು. ಪೋರ್ಚುಗಲ್‌ನಲ್ಲಿ ಎರಡು ಸುಲಿತದ ನಡುವೆ ಕನಿಷ್ಠ 9 ವರ್ಷ ಇರಲೇಬೇಕು, ಅದು ಕಾನೂನು. ಎಳೆ ಗಿಡವನ್ನು ಮೊದಲ ಸಲ ಸುಲಿಯಬೇಕಾದರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ 70 ಸೆಂಟಿಮೀಟರ್ ಆಗಿರಬೇಕು. ಎಷ್ಟು ಎತ್ತರದ ತನಕ ಸುಲಿಯಬಹುದು ಅನ್ನೋದಕ್ಕೂ ಮಿತಿ ಇದೆ. ಅಪ್ಪಣೆ ಇಲ್ಲದೆ ಕಡಿಯುವ ಹಾಗಿಲ್ಲ. 2011ರಲ್ಲಿ ಅದನ್ನು ರಾಷ್ಟ್ರೀಯ ಮರ ಅಂತಲೂ ಘೋಷಿಸಿದರು.

ಆ ಅಂಕಿ ನೋಡಿದಾಗ ನನಗೆ ಸಿಂದಿ ಗಿಡ ನೆನಪಾಯಿತು. ಅಜ್ಜಿಯ ತವರು ಯಾದಗಿರಿ ಹತ್ತಿರದ ಹಳ್ಳಿ, ಅಲ್ಲಿ ಹಳ್ಳದ ದಂಡೆಗೆ ಈಚಲ ಗಿಡ ಸಾಲಾಗಿ ಇದ್ದವು. ಸಿಂದಿ ಇಳಿಸುವವರು ಒಂದು ವರ್ಷ ಈ ಮಗ್ಗುಲು ಕೆತ್ತಿದರೆ ಮುಂದಿನ ವರ್ಷ ಆ ಮಗ್ಗುಲು. ಹಾಗಾಗಿ ಕಾಂಡದ ಮೇಲೆ ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲಿನ ಹಾಗೆ ಕಚ್ಚು ಬೀಳುತ್ತವೆ. ಎಣಿಸಿದರೆ ಎಷ್ಟು ವರ್ಷ ಇಳಿಸಿದ್ದಾರೆ ಅಂತ ಗೊತ್ತಾಗುತ್ತದೆ. ಬಣ್ಣ ಬೇಕಿಲ್ಲ, ಗಿಡವೇ ಲೆಕ್ಕದ ಪುಸ್ತಕ. ತುಸುವೇ ಕೆತ್ತಬೇಕು, ಜಾಸ್ತಿ ಆಳಕ್ಕೆ ಹೋದರೆ ಸುಳಿಗೇ ಏಟು, ಗಿಡ ಹೋಯಿತು. ಎಲ್ಲಿಯ ಅಲೆಂತೇಜು ಎಲ್ಲಿಯ ಯಾದಗಿರಿ, ಆದರೆ ಎರಡೂ ಕಡೆ ಕತ್ತಿ ಹಿಡಿದವರಿಗೆ ನಿಲ್ಲುವ ಜಾಗ ಗೊತ್ತಿತ್ತು.

ಇನ್ನು ಕಾಯುವ ಲೆಕ್ಕ ಕೇಳಿ. ಗಿಡ ನೆಟ್ಟು ಸುಮಾರು 25 ವರ್ಷಕ್ಕೆ ಮೊದಲ ಸುಲಿತ. ಆ ತೊಗಟೆ ಒರಟು, ಬಾಟಲಿಗೆ ಬರುವುದಿಲ್ಲ. 9 ವರ್ಷ ಬಿಟ್ಟು ಎರಡನೆಯದು, ಅದೂ ಅಷ್ಟಕ್ಕಷ್ಟೇ. ಇನ್ನೊಂದು 9 ವರ್ಷ. ಮೂರನೇ ಸುಲಿತಕ್ಕೆ, ಅಂದರೆ 43ನೇ ವರ್ಷಕ್ಕೆ, ಬುಚ್ ಮಾಡುವಂಥ ನಯವಾದ ಕಾರ್ಕ್ ಸಿಗುತ್ತದೆ. ನಲವತ್ತು ವರ್ಷದವರು ನೆಟ್ಟರೆ ಎಂಬತ್ತಮೂರಕ್ಕೆ ಮೊದಲ ಒಳ್ಳೆ ಬೆಳೆ. ನಾವು ತೊಗರಿ ಬಿತ್ತಿ ಐದಾರು ತಿಂಗಳಿಗೆ ರಾಶಿ ಮಾಡುವವರು, ಅಷ್ಟರಲ್ಲೇ ಮಳೆ, ರೇಟು ಅಂತ ನಿದ್ದೆ ಕೆಡಿಸಿಕೊಳ್ಳುತ್ತೇವೆ. ಅಲ್ಲಿ ಮೊಮ್ಮಕ್ಕಳಿಗೆ ಅಂತಲೇ ನೆಡೋದು.

ಒಂದು ಗಿಡದ ಕಥೆ ಹೇಳಲೇಬೇಕು. ಆಗ್ವಾಸ್ ದೆ ಮೌರಾ ಅನ್ನೋ ಊರಿನಲ್ಲಿ 1783ರಲ್ಲಿ ನೆಟ್ಟ ಒಂದು ಕಾರ್ಕ್ ಓಕ್ ಇದೆ. ಟೊಂಗೆ ತುಂಬ ಹಕ್ಕಿ ಕೂತು ಹಾಡುತ್ತವೆ ಅಂತ ಅದಕ್ಕೆ ಸಿಳ್ಳೆ ಹಾಕುವ ಮರ ಅಂತ ಹೆಸರು. 1820ರಿಂದ ಇಪ್ಪತ್ತಕ್ಕೂ ಜಾಸ್ತಿ ಸಲ ಸುಲಿದಿದ್ದಾರೆ. 1991ರ ಒಂದೇ ಸುಲಿತದಲ್ಲಿ 1200 ಕಿಲೋ ಕಾರ್ಕ್ ಸಿಕ್ಕಿತು, ಒಂದು ಲಕ್ಷಕ್ಕೂ ಜಾಸ್ತಿ ಬುಚ್ ಆಗುವಷ್ಟು. 2018ರಲ್ಲಿ ಯುರೋಪಿನ ವರ್ಷದ ಮರ ಅಂತ ಆರಿಸಿದರು. ಇಷ್ಟೆಲ್ಲ ಕೊಟ್ಟೂ ಇನ್ನೂ ನಿಂತಿದೆ. ಇಂಥ ದಪ್ಪ ತೊಗಟೆ ಅದು ಬೆಳೆಸಿಕೊಂಡದ್ದು ಮನುಷ್ಯರ ಬಾಟಲಿಗೆ ಅಲ್ಲ, ಅಲ್ಲಿನ ಕಾಡ್ಗಿಚ್ಚಿಗೆ. ಬೆಂಕಿ ಹಾದುಹೋದ ಮೇಲೂ ಕಾರ್ಕ್ ಹೊದ್ದ ಟೊಂಗೆಗಳು ಮತ್ತೆ ಚಿಗುರುತ್ತವೆ.

ಸುಲಿದ ಹಲಗೆಗಳನ್ನು ಒಟ್ಟಿ ಕೆಲವು ತಿಂಗಳು ಗಾಳಿ ಬಿಸಿಲಿಗೆ ಬಿಡುತ್ತಾರೆ, ಆಮೇಲೆ ಸುಮಾರು ಒಂದು ತಾಸು ನೀರಲ್ಲಿ ಕುದಿಸುತ್ತಾರೆ, ಬಾಗು ಹೋಗಿ ಚಪ್ಪಟೆಯಾಗುತ್ತದೆ. ಬುಚ್ ಕೊರೆದು ಉಳಿದ ಚೂರನ್ನೂ ಬಿಸಾಡುವುದಿಲ್ಲ, ಪುಡಿ ಮಾಡಿ ಹಲಗೆ, ನೆಲಹಾಸು ಮಾಡುತ್ತಾರೆ. ಕ್ರಿಕೆಟ್ ಬಾಲಿನ ತಿರುಳೂ ಕಾರ್ಕೇ. ಪ್ರಪಂಚದ ಕಾರ್ಕ್‌ನಲ್ಲಿ ಅರ್ಧದಷ್ಟು ಪೋರ್ಚುಗಲ್ ಒಂದರದ್ದೇ. ಪ್ಲಾಸ್ಟಿಕ್ ಬುಚ್, ತಿರುಪಿನ ಮುಚ್ಚಳ ಬಂದ ಮೇಲೆ ಅಲ್ಲಿನವರಿಗೆ ದಿಗಿಲು ಹತ್ತಿತ್ತು. ವೈನ್ ಬಾಟಲಿಗೂ ನಮ್ಮ ಮನೆಗೂ ಸಂಬಂಧ ಇಲ್ಲ, ಆದರೂ ಆ ದಿಗಿಲು ನನಗೆ ಅರ್ಥವಾಗುತ್ತದೆ. ತೊಗಟೆಗೆ ಬೆಲೆ ಇದ್ದರೆ ಗಿಡ ಉಳಿಯುತ್ತದೆ, ಗಿಡ ಉಳಿದರೆ ಅದರ ಕೆಳಗೆ ಮೇಯುವ ಕುರಿ, ಹಂದಿ, ಅಲ್ಲಿ ಗೂಡು ಕಟ್ಟುವ ಹದ್ದು ಎಲ್ಲ ಉಳಿಯುತ್ತವೆ.

ಎಲ್ಲರೂ ಮಲಗಿದ ಮೇಲೆ ನಾನು ಆ ತುಂಡಿನ ಅಂಚನ್ನು ಬ್ಲೇಡಿನಿಂದ ನುಣ್ಣಗೆ ಕೊಯ್ದು, ಭೂತಗನ್ನಡಿ ಹಿಡಿದು ಕೂತೆ. ತೆಳು ಕಂದು ಗೆರೆಗಳು ಕಂಡವು, ವರ್ಷಕ್ಕೊಂದು. ಎಣಿಸಿದೆ. ಪೂರ್ತಿ ವರ್ಷ ಎಂಟೇ ಬಂದವು. ಮತ್ತೆ ಎಣಿಸಿದೆ, ಎಂಟೇ. ಆಮೇಲೆ ಹೊಳೆಯಿತು. ಸುಲಿಯುವುದು ವರ್ಷದ ನಡುವೆ ಅಲ್ವಾ, ಆ ಕಡೆ ಅರ್ಧ ವರ್ಷ, ಈ ಕಡೆ ಅರ್ಧ ವರ್ಷ, ನಡುವೆ ಎಂಟು. ಸೇರಿಸಿದರೆ ಒಂಬತ್ತು. ನಡುವಿನ ಎರಡು ಗೆರೆ ಮಾತ್ರ ಒಂದಕ್ಕೊಂದು ತೀರಾ ಹತ್ತಿರ ಇದ್ದವು. ಆ ವರ್ಷ ಅಲ್ಲೂ ಮಳೆ ಕೈ ಕೊಟ್ಟಿರಬೇಕು.

ಸೋಮವಾರ ಅದನ್ನು ಕ್ಲಾಸಿಗೆ ಒಯ್ದೆ. ಮಕ್ಕಳು ಮೂಸಿ ನೋಡಿದರು, ಉಗುರಿನಿಂದ ಒತ್ತಿ ನೋಡಿದರು, ಒಬ್ಬಳು ಕೆನ್ನೆಗೆ ಹಚ್ಚಿಕೊಂಡು "ಬೆಚ್ಚಗ ಅದರೀ ಟೀಚರ್" ಅಂದಳು. ಕೆನ್ನೆಯ ಬಿಸಿ ಅದು ಎಳೆದುಕೊಳ್ಳುವುದಿಲ್ಲ, ಅದಕ್ಕೇ ಹಾಗನಿಸುತ್ತದೆ, ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 4 ಕೋಟಿ ಕೋಶ, ಎಲ್ಲದರಲ್ಲೂ ಗಾಳಿ ಅಂತ ಹೇಳಿದೆ. ಆಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಟೀಚರ್, ನಮ್ಮ ಸಾಲಿಯಾಗೂ ಬುಚ್ಚಿನ ಗಿಡ ಅದಲ್ರೀ" ಅಂದ.

ಹೌದು, ಇದೆ. ಗೇಟಿನ ಪಕ್ಕದ ಆಕಾಶಮಲ್ಲಿಗೆ. ಮರಾಠಿಯವರು ಅದಕ್ಕೆ ಬುಚ್ಚಿನ ಗಿಡ ಅಂತಾರೆ, ಹುಡುಗನ ಅಮ್ಮನ ಕಡೆಯವರು ಬೀದರ್ ಜಿಲ್ಲೆಯ ಗಡಿ ಊರಿನವರು, ಅಲ್ಲಿಂದ ಆ ಹೆಸರು ಬಂದಿದೆ. ಓಕ್‌ಗೂ ಅದಕ್ಕೂ ಏನೂ ನಂಟಿಲ್ಲ, ಆದರೆ ತೊಗಟೆ ಮೆತ್ತಗೆ, ಹಿಂದೆ ಅದರಿಂದ ಕಡಿಮೆ ದರ್ಜೆಯ ಬುಚ್ ಮಾಡುತ್ತಿದ್ದರು. ಗಿಡಕ್ಕೆ ಉಗುರೂ ಹಚ್ಚಬಾರದು ಅಂತ ಹೇಳಿ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದೆ. ಬುಡದಲ್ಲಿ ತಾನಾಗೇ ಉದುರಿ ಬಿದ್ದ ಒಂದು ಚಕ್ಕೆ ಸಿಕ್ಕಿತು.

ಈಗ ಕಿಟಕಿಯ ಮೇಲೆ ಒಂದು ಗಾಜಿನ ಬರಣಿ ಇದೆ. ಅದರ ನೀರಿನಲ್ಲಿ ಪೋರ್ಚುಗಲ್‌ನ ಒಂದು ಚೂರು, ನಮ್ಮ ಗೇಟಿನ ಒಂದು ಚೂರು, ಎರಡೂ ತೇಲುತ್ತಿವೆ. ಯಾವುದು ಮೊದಲು ನೀರು ಕುಡಿದು ಮುಳುಗುತ್ತದೆ ಅಂತ ಹುಡುಗರು ದಿನಾ ಪ್ರಾರ್ಥನೆ ಮುಗಿದ ಕೂಡಲೇ ಓಡಿ ಬಂದು ನೋಡುತ್ತಾರೆ. ಕಸ ಗುಡಿಸುವ ಅಕ್ಕನಿಗೆ ಹೇಳಿಟ್ಟಿದ್ದೇನೆ, ಆ ನೀರು ಚೆಲ್ಲಬೇಡ್ರಿ ಅಂತ.